ಸಾರ್ವತ್ರಿಕ ರಿಮೋಟೂ ಟೆಲಿವಿಷನ್ನಿನ ಇನ್‌ಪುಟ್ ಬದಲಾವಣೆಯೂ

ಆಂಟೆನಾ ಹಿಡಿದುಕೊಟ್ಟ ಅಲೆಗಳನ್ನು ಚಿತ್ರವಾಗಿ ತೋರುವುದಷ್ಟೇ ಟೆಲಿವಿಷನ್ನಿನ ಕೆಲಸವಾಗಿದ್ದ ಕಾಲ ಹಿಂದಾಯಿತು. ಇಂದು ಅದರ ಬೆನ್ನಿನಲ್ಲಿ ನಾಲ್ಕಾರು ದ್ವಾರಗಳಿರುತ್ತವೆ. ಒಂದಕ್ಕೆ ಸೆಟ್‌ಟಾಪ್ ಪೆಟ್ಟಿಗೆ, ಇನ್ನೊಂದಕ್ಕೆ ಡಿಸ್ಕ್ ಪ್ಲೇಯರ್, ಮತ್ತೊಂದಕ್ಕೆ ಕಂಪ್ಯೂಟರ್, ಹೀಗೆ ದ್ವಾರಕ್ಕೊಂದು ಉಪಕರಣವನ್ನು ಜೋಡಿಸುವುದುಂಟು. ಇವುಗಳಲ್ಲಿ ಯಾವ ದ್ವಾರದಿಂದ ಬರುವ ಚಿತ್ರವನ್ನು ತೆರೆಯ ಮೇಲೆ ತೋರಬೇಕೆಂದು ಆಯುವುದಕ್ಕೇ ಇನ್‌ಪುಟ್ ಬದಲಾವಣೆ ಎಂದು ಹೆಸರು. ನಮ್ಮಲ್ಲಿ ಇದು ಮನೆಮನೆಯ ಪ್ರಶ್ನೆಯಾದದ್ದು ಈಚೆಗೆ. ಬೆಂಗಳೂರು ಮೈಸೂರುಗಳಲ್ಲಿ 2013ರಲ್ಲಿ ಕೇಬಲ್ ಪ್ರಸಾರವು ಡಿಜಿಟಲ್ ರೂಪಕ್ಕೆ ಕಡ್ಡಾಯವಾಗಿ ತಿರುಗಿತು. ಅಲ್ಲಿಯವರೆಗೆ ತಂತಿಯನ್ನು ನೇರವಾಗಿ ಟೆಲಿವಿಷನ್ನಿಗೆ ಸಿಕ್ಕಿಸಿ ಒಂದೇ ರಿಮೋಟಿನಿಂದ ಕೆಲಸ ಸಾಗಿಸುತ್ತಿದ್ದ ಸಂಸಾರಗಳಿಗೆ ಆ ಬಳಿಕ ಪೆಟ್ಟಿಗೆಗೊಂದು, ಟೆಲಿವಿಷನ್ನಿಗೊಂದು ಎಂದು ಎರಡು ರಿಮೋಟುಗಳಾದವು.

ಈ ಏರ್ಪಾಟಿನಲ್ಲಿ ನಿಜವಾಗಿ ಕಷ್ಟಕ್ಕೆ ಸಿಕ್ಕಿದವರು ಮನೆಯ ಹಿರಿಯರು. ಮಕ್ಕಳು ಕೆಲಸಕ್ಕೆ ಹೊರಟ ಮೇಲೆ ವಾರ್ತೆ ಕೇಳಲೆಂದೋ ಧಾರಾವಾಹಿ ನೋಡಲೆಂದೋ ಕುಳಿತ ಅಜ್ಜಿಯ ಬೆರಳು ತಪ್ಪಿ ಇನ್‌ಪುಟ್ ಗುಂಡಿಯ ಮೇಲೆ ಬಿದ್ದರೆ, ತೆರೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಬರಹ ಮೂಡುತ್ತದೆ. ಗಾಬರಿಯಿಂದ ಇನ್ನೊಂದು ಗುಂಡಿ ಒತ್ತಿದರೆ ಬರಹ ಬೇರೆಯಾಗುತ್ತದೆ, ಚಿತ್ರ ಮಾತ್ರ ಬಾರದು. ಸಂಜೆ ಯಾರಾದರೂ ಮನೆಗೆ ಹಿಂದಿರುಗುವವರೆಗೆ ಅವರು ಕಾದಿರಬೇಕು. ಪಾಠದ ಕೊಠಡಿಯಲ್ಲಿ ಪ್ರೊಜೆಕ್ಟರಿನ ನೀಲಿ ತೆರೆಯ ಮುಂದೆ ನಿಂತ ಅಧ್ಯಾಪಕರ ಪಾಡು ಇದಕ್ಕಿಂತ ಬಹಳ ಬೇರೆಯಲ್ಲವೆಂದು ವಾಚಕರು ಬಲ್ಲರು.

ಇದಕ್ಕೆ ಪರಿಹಾರವೆಂದು ಅಂಗಡಿಗಳಲ್ಲಿ ದೊರೆಯುವ ವಸ್ತು ಸಾರ್ವತ್ರಿಕ ರಿಮೋಟ್. ಅನೇಕ ಉಪಕರಣಗಳ ಆಜ್ಞೆಗಳನ್ನು ಒಂದೇ ಕೈಯಳತೆಯ ಸಾಧನದಲ್ಲಿ ಕೂಡಿಹಾಕಿ, ಒಂದು ಗುಂಡಿಗೆ ಹಲವು ಆಜ್ಞೆಗಳ ಸರಣಿಯನ್ನು ಕಟ್ಟಿಕೊಡುವುದು ಇದರ ಕೆಲಸ. ಒಮ್ಮೆ ಒತ್ತಿದರೆ ಟೆಲಿವಿಷನ್ ಹೊತ್ತಿಕೊಂಡು, ತಕ್ಕ ಇನ್‌ಪುಟ್ಟಿಗೆ ತಿರುಗಿ, ಚಿತ್ರ ಕಾಣಬೇಕು. ಆದರೆ ಹೀಗೆ ಕಟ್ಟಿದ ಸರಣಿ ಒಂದು ದಿನ ಸರಿಯಾಗಿ ನಡೆದು ಮರುದಿನ ಕೆಡುತ್ತದೆಂದು ಕೊಂಡವರಲ್ಲಿ ಅನೇಕರು ದೂರುವುದುಂಟು. ಆಜ್ಞೆಗಳ ಸ್ವಭಾವದಲ್ಲಿಯೇ ಇರುವ ಒಂದು ಭೇದವನ್ನು ಗಮನಿಸದೆ ಸರಣಿ ಕಟ್ಟಿದುದರಿಂದ ಹೀಗಾಗುತ್ತದೆ. ಆ ಭೇದವನ್ನು ವಿವರಿಸಿ, ಅದನ್ನು ಅರಿತು ರಿಮೋಟನ್ನು ಅಳವಡಿಸಿಕೊಳ್ಳುವ ಬಗೆಯನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ರಿಮೋಟಿನ ಮಾತು

ರಿಮೋಟಿನ ಮೂತಿಯಲ್ಲಿರುವ ಸಣ್ಣ ದೀಪವು ಬೆಳಕು ಸೂಸುವ ಡಯೋಡ್. ಅದರಿಂದ ಹೊರಡುವ ಕಿರಣದ ತರಂಗದೂರ ಸುಮಾರು 940 ನ್ಯಾನೊಮೀಟರ್. ಕಣ್ಣಿಗೆ ಕಾಣುವ ಕೆಂಪಿನ ಎಲ್ಲೆಯನ್ನು ದಾಟಿದ್ದರಿಂದ ಇದಕ್ಕೆ ಅವಕೆಂಪು ಕಿರಣವೆಂದು ಹೆಸರು. (ಕೈಫೋನಿನ ಕ್ಯಾಮೆರಾದ ಮುಂದೆ ರಿಮೋಟನ್ನು ಹಿಡಿದು ಗುಂಡಿಯನ್ನು ಒತ್ತಿದರೆ ಅನೇಕ ಫೋನುಗಳಲ್ಲಿ ಈ ದೀಪದ ಮಿನುಗು ಕಾಣುತ್ತದೆ. ರಿಮೋಟ್ ಜೀವಂತವಾಗಿದೆಯೇ ಎಂದು ತಿಳಿಯಲು ಇಷ್ಟು ಸುಲಭವಾದ ಪರೀಕ್ಷೆ ಮತ್ತೊಂದಿಲ್ಲ.) ಬಿಸಿಲಿನಲ್ಲಿಯೂ ಕೋಣೆಯ ಕೆಲವು ದೀಪಗಳಲ್ಲಿಯೂ ಅವಕೆಂಪು ಬೆಳಕು ಧಾರಾಳವಾಗಿರುವುದರಿಂದ, ಅವುಗಳ ನಡುವೆ ತನ್ನ ಮಾತು ಗುರುತಾಗುವಂತೆ ರಿಮೋಟ್ ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯಿಸುತ್ತದೆ. ಟೆಲಿವಿಷನ್ನಿನ ಗ್ರಾಹಕವು ಈ ಆವೃತ್ತಿಯ ಮಿಡಿತವನ್ನಷ್ಟೇ ಲೆಕ್ಕಕ್ಕೆ ಹಿಡಿದು, ಉಳಿದ ಬೆಳಕನ್ನು ಬಿಟ್ಟುಬಿಡುತ್ತದೆ.

ಮಿಡಿತದ ಗೊಂಚಲುಗಳನ್ನೂ ಅವುಗಳ ನಡುವಣ ಮೌನವನ್ನೂ ಅಳತೆಗೆ ತಕ್ಕಂತೆ ಜೋಡಿಸಿದರೆ ಅದು ಭಾಷೆಯಾಗುತ್ತದೆ. ಇಂಥ ಭಾಷೆಗಳು ಹಲವು. ಬಹಳ ಹರಡಿರುವುದು ಜಪಾನಿನ ಎನ್.ಇ.ಸಿ. ಸಂಸ್ಥೆಯ ಹೆಸರಿನಿಂದ ಕರೆಯಲ್ಪಡುವ ಕ್ರಮ. ಇದರಲ್ಲಿ ಮೊದಲು 9 ಮಿಲಿಸೆಕೆಂಡಿನ ಒಂದು ದೀರ್ಘ ಮಿಡಿತ, ಬಳಿಕ 4.5 ಮಿಲಿಸೆಕೆಂಡಿನ ಮೌನ. ಇವೆರಡೂ ‘ಕೇಳು’ ಎಂಬ ಕರೆ. ಆ ಮೇಲೆ 32 ಬಿಟ್‌ಗಳು. ಪ್ರತಿಯೊಂದು ಬಿಟ್ಟೂ ಸುಮಾರು 0.56 ಮಿಲಿಸೆಕೆಂಡಿನ ಮಿಡಿತದಿಂದ ಮೊದಲಾಗುತ್ತದೆ. ಅದರ ಹಿಂದೆ ಅಷ್ಟೇ ಮೌನವಿದ್ದರೆ ಸೊನ್ನೆ, ಅದರ ಮೂರರಷ್ಟು ಮೌನವಿದ್ದರೆ ಒಂದು. ಮೊದಲ ಎಂಟು ಬಿಟ್‌ಗಳು ಉಪಕರಣದ ವಿಳಾಸ, ಮುಂದಿನ ಎಂಟು ಅದರ ವಿಲೋಮ, ಆಮೇಲಿನ ಎಂಟು ಆಜ್ಞೆಯ ಸಂಖ್ಯೆ, ಕೊನೆಯ ಎಂಟು ಅದರ ವಿಲೋಮ. ಹೇಳಿದ್ದನ್ನು ತಿರುಗಿಸಿ ಇನ್ನೊಮ್ಮೆ ಹೇಳುವುದರಿಂದ ತಪ್ಪು ಕೇಳಿಸಿಕೊಂಡರೆ ಅಲ್ಲಿಯೇ ಗೊತ್ತಾಗುತ್ತದೆ. ಅಲ್ಲದೆ 32ರಲ್ಲಿ ಯಾವಾಗಲೂ 16 ಸೊನ್ನೆಗಳು, 16 ಒಂದುಗಳು ಇರುವುದರಿಂದ ಯಾವ ಆಜ್ಞೆಯಾದರೂ ಕರೆಯೂ ಸೇರಿ 67.5 ಮಿಲಿಸೆಕೆಂಡುಗಳಲ್ಲೇ ಮುಗಿಯುತ್ತದೆ. ವಿದ್ಯಾರ್ಥಿಗಳು ಕೂಡಿ ನೋಡಬಹುದಾದ ಲೆಕ್ಕವಿದು.

ಆಜ್ಞೆಗೆ ಎಂಟು ಬಿಟ್‌ಗಳು ಎಂದರೆ 256 ಬೇರೆ ಬೇರೆ ಆಜ್ಞೆಗಳಿಗೆ ಎಡೆಯಿದೆ ಎಂದಾಯಿತು. ರಿಮೋಟಿನ ಮೇಲೆ ಇರುವ ಗುಂಡಿಗಳು ನಲವತ್ತೋ ಐವತ್ತೋ. ಈ ಅಂತರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ: ಈ ಮಾತು ಒಂದೇ ದಿಕ್ಕಿನದು. ರಿಮೋಟ್ ಹೇಳುತ್ತದೆ, ಟೆಲಿವಿಷನ್ ಕೇಳುತ್ತದೆ. ಕೇಳಿತೋ ಇಲ್ಲವೋ, ಕೇಳಿ ಏನು ಮಾಡಿತು, ಈಗ ಯಾವ ಸ್ಥಿತಿಯಲ್ಲಿದೆ ಎಂಬ ಯಾವ ವರದಿಯೂ ಮರಳಿ ಬಾರದು. ತೆರೆಯನ್ನು ನೋಡಿ ತಿದ್ದುವವನು ಮನುಷ್ಯನೇ.

ಎರಡು ಬಗೆಯ ಆಜ್ಞೆಗಳು

ಮಹಡಿಯ ಮೆಟ್ಟಿಲ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ ಇರುವುದನ್ನು ಎಲ್ಲರೂ ಕಂಡಿದ್ದಾರೆ. ಆ ಸ್ವಿಚ್ಚನ್ನು ಒತ್ತಿದರೆ ಉರಿಯುತ್ತಿದ್ದ ದೀಪ ಆರುತ್ತದೆ, ಆರಿದ್ದ ದೀಪ ಉರಿಯುತ್ತದೆ. ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಅದನ್ನು ಒತ್ತುವವನಿಗೆ ಫಲವೇನಾಯಿತೆಂದು ತಿಳಿಯುವಂತಿಲ್ಲ. ಸ್ವಿಚ್ಚಿನ ಸನ್ನೆ ಮೇಲಿದೆಯೋ ಕೆಳಗಿದೆಯೋ ಎಂದು ತಡವಿ ನೋಡಿದರೂ ಪ್ರಯೋಜನವಿಲ್ಲ. ಲಿಫ್ಟಿನ ಗುಂಡಿಗಳ ರೀತಿಯೇ ಬೇರೆ. ‘3’ ಎಂಬುದನ್ನು ಒತ್ತಿದವನು ಯಾವ ಅಂತಸ್ತಿನಲ್ಲಿದ್ದರೂ ಮೂರನೆಯದಕ್ಕೇ ಹೋಗುತ್ತಾನೆ. ಹತ್ತು ಸಲ ಒತ್ತಿದರೂ ಮೂರನೆಯದೇ. ಮೊದಲನೆಯದು ಇರುವ ಸ್ಥಿತಿಯನ್ನು ಬದಲಿಸುವ ಆಜ್ಞೆ. ಎರಡನೆಯದು ಬೇಕಾದ ಸ್ಥಿತಿಯನ್ನು ಹೆಸರಿಸುವ ಆಜ್ಞೆ. ಮೊದಲ ಬಗೆಯನ್ನು ನಾವು ಇಲ್ಲಿ ಸರದಿ ಆಜ್ಞೆ ಎಂದೂ, ಎರಡನೆಯದನ್ನು ನೇರ ಆಜ್ಞೆ ಎಂದೂ ಕರೆಯೋಣ.

ಟೆಲಿವಿಷನ್ ರಿಮೋಟಿನ ಪವರ್ ಗುಂಡಿ ಮೆಟ್ಟಿಲ ಸ್ವಿಚ್ಚಿನಂತಹದು. ಇನ್‌ಪುಟ್ ಗುಂಡಿಯೂ ಅದೇ ಜಾತಿಯದು. ಎರಡು ಸ್ಥಿತಿಗಳ ಬದಲು ಐದಾರು ಸ್ಥಿತಿಗಳ ಸುತ್ತ ತಿರುಗುತ್ತದೆ, ಅಷ್ಟೆ. ಉದಾಹರಣೆಗೆ ಟ್ಯೂನರ್, ಎ.ವಿ., ಎಚ್.ಡಿ.ಎಂ.ಐ. 1, 2, 3 ಎಂಬ ಐದು ಇನ್‌ಪುಟ್‌ಗಳು ಈ ಕ್ರಮದಲ್ಲಿ ಬಳೆಯ ಹಾಗೆ ಸುತ್ತಿಕೊಂಡಿವೆ ಎನ್ನೋಣ. ದೇವಾಲಯದ ಪ್ರಾಕಾರದಲ್ಲಿ ಐದು ಬಾಗಿಲುಗಳಿದ್ದು, ಕಣ್ಣು ಕಟ್ಟಿಕೊಂಡವನೊಬ್ಬನನ್ನು ಅವುಗಳಲ್ಲಿ ಯಾವುದೋ ಒಂದರ ಮುಂದೆ ನಿಲ್ಲಿಸಿ ‘ಪೂರ್ವದ ಬಾಗಿಲಿಗೆ ಹೋಗು’ ಎಂದರೆ, ಎಷ್ಟು ಬಾಗಿಲು ದಾಟಬೇಕೆಂದು ಅವನು ಹೇಗೆ ಬಲ್ಲನು? ‘ಎರಡು ಬಾಗಿಲು ಮುಂದೆ ಹೋಗು’ ಎಂಬ ಆದೇಶವು ಅವನು ಹೊರಟ ಬಾಗಿಲು ತಿಳಿದಿದ್ದರೆ ಮಾತ್ರ ಸಾರ್ಥಕ. ‘ಪವರ್, ಇನ್‌ಪುಟ್, ಇನ್‌ಪುಟ್’ ಎಂದು ಕಟ್ಟಿದ ಸರಣಿಯು ಅಂತಹದೇ ಆದೇಶ. ರಾತ್ರಿ ಟೆಲಿವಿಷನ್ನನ್ನು ಆರಿಸಿದವರು ಅದನ್ನು ಟ್ಯೂನರಿನಲ್ಲಿ ಬಿಟ್ಟಿದ್ದರೆ ಬೆಳಿಗ್ಗೆ ಅದು ಎಚ್.ಡಿ.ಎಂ.ಐ. 1ಕ್ಕೆ ತಲಪುತ್ತದೆ. ಎ.ವಿ.ಯಲ್ಲಿ ಬಿಟ್ಟಿದ್ದರೆ ಎಚ್.ಡಿ.ಎಂ.ಐ. 2ಕ್ಕೆ ಹೋಗಿ ನಿಲ್ಲುತ್ತದೆ. ಆರಿಸದೆಯೇ ಬಿಟ್ಟಿದ್ದರಂತೂ ಮೊದಲ ಆಜ್ಞೆಯೇ ಟೆಲಿವಿಷನ್ನನ್ನು ಆರಿಸಿಬಿಡುತ್ತದೆ.

ಇದನ್ನು ಗಣಿತದ ಭಾಷೆಯಲ್ಲಿ ಹೇಳಿದರೆ ತೊಡಕಿನ ಬೇರು ಸ್ಪಷ್ಟವಾಗುತ್ತದೆ. ಸರದಿ ಆಜ್ಞೆಯು ಐದು ಸ್ಥಿತಿಗಳನ್ನು ತಮ್ಮತಮ್ಮಲ್ಲೇ ಸ್ಥಳಾಂತರಿಸುತ್ತದೆ: ಬೇರೆ ಬೇರೆ ಎರಡು ಸ್ಥಿತಿಗಳು ಆಜ್ಞೆಯ ಬಳಿಕವೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಆರಂಭದಲ್ಲಿ ಐದು ಸಾಧ್ಯತೆಗಳಿದ್ದರೆ ಒಂದು ಸಲ ಒತ್ತಿದ ಮೇಲೂ ಐದು, ನೂರು ಸಲ ಒತ್ತಿದ ಮೇಲೂ ಐದೇ. ಸರದಿ ಆಜ್ಞೆಗಳನ್ನು ಎಷ್ಟು ಜಾಣತನದಿಂದ ಪೋಣಿಸಿದರೂ ಅಜ್ಞಾನವು ಎಳ್ಳಷ್ಟೂ ಕಡಮೆಯಾಗದು. ನೇರ ಆಜ್ಞೆಯಾದರೋ ಐದು ಸ್ಥಿತಿಗಳನ್ನೂ ಒಂದರೊಳಕ್ಕೆ ಸೇರಿಸುತ್ತದೆ. ಒಂದೇ ಏಟಿಗೆ ಐದು ಸಾಧ್ಯತೆಗಳು ಒಂದಾಗುತ್ತವೆ. ಆದುದರಿಂದ ಕುರುಡಾಗಿ ನಡೆಯಬೇಕಾದ ಯಾವ ಸರಣಿಯಲ್ಲಾದರೂ, ಹಲವು ಸ್ಥಿತಿಗಳನ್ನು ಒಂದರಲ್ಲಿ ಕೂಡಿಸುವ ಆಜ್ಞೆ ಒಂದಾದರೂ ಇರಲೇಬೇಕು. ಇಲ್ಲದಿದ್ದರೆ ಆ ಸರಣಿಯು ಆಗಾಗ್ಗೆ ಕೆಡುವುದು ಅನಿವಾರ್ಯ.

ಸರದಿ ಆಜ್ಞೆ ಬಳಕೆಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಅಮೆರಿಕದ ಜೆನಿತ್ ಸಂಸ್ಥೆ 1956ರಲ್ಲಿ ಹೊರತಂದ ‘ಸ್ಪೇಸ್ ಕಮಾಂಡ್’ ಎಂಬ ರಿಮೋಟಿನಲ್ಲಿ ಬ್ಯಾಟರಿಯೂ ಇರಲಿಲ್ಲ, ದೀಪವೂ ಇರಲಿಲ್ಲ. ರಾಬರ್ಟ್ ಆಡ್ಲರ್ ಎಂಬ ಭೌತವಿಜ್ಞಾನಿಯು ರೂಪಿಸಿದ ಆ ಸಾಧನದೊಳಗೆ ಅಲ್ಯೂಮಿನಿಯಮ್ ಸರಳುಗಳಿದ್ದವು. ಗುಂಡಿ ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಸರಳಿಗೆ ಬಡಿದು, ಕಿವಿಗೆ ಕೇಳಿಸದಷ್ಟು ಉಚ್ಚವಾದ ಸ್ವರ ಹೊಮ್ಮುತ್ತಿತ್ತು. ಸರಳಿಗೊಂದು ಸ್ವರ, ಸ್ವರಕ್ಕೊಂದು ಆಜ್ಞೆ. ಹತ್ತು ಹನ್ನೆರಡು ಚಾನೆಲ್ಲುಗಳಿಗೆ ಹತ್ತು ಹನ್ನೆರಡು ಸರಳುಗಳನ್ನು ಕೈಯಲ್ಲಿ ಹಿಡಿಯುವುದು ಆಗದ ಮಾತಾದ್ದರಿಂದ, ‘ಒಂದು ಹೆಜ್ಜೆ ಮುಂದೆ’ ಎಂಬ ಸರದಿ ಆಜ್ಞೆಯೇ ಅಲ್ಲಿ ಯುಕ್ತವಾಗಿತ್ತು. 256 ಆಜ್ಞೆಗಳಿಗೆ ಎಡೆಯಿರುವ ಇಂದಿನ ಭಾಷೆಯಲ್ಲಿ ಆ ಬಡತನ ಇಲ್ಲ. ಆದರೂ ರಿಮೋಟಿನ ಮುಖದ ಮೇಲೆ ಇನ್‌ಪುಟ್ಟಿಗೆ ಒಂದೇ ಗುಂಡಿಯನ್ನಿಡುವ ವಾಡಿಕೆ ಉಳಿದುಬಂದಿದೆ. ಗುಂಡಿ ಉಳಿಸಿದ ಲಾಭ ತಯಾರಕರದು, ಅದರ ತೊಂದರೆ ಬಳಸುವವರದು ಎಂದು ಹೇಳದೆ ವಿಧಿಯಿಲ್ಲ.

ಗುಂಡಿಯಿಲ್ಲದ ಆಜ್ಞೆಗಳು

ಗುಂಡಿ ಇಲ್ಲದ ಮಾತ್ರಕ್ಕೆ ಆಜ್ಞೆಯೂ ಇಲ್ಲವೆಂದು ತಿಳಿಯಬಾರದು. ಹೋಟೆಲುಗಳಲ್ಲಿ, ಸಭಾಂಗಣಗಳಲ್ಲಿ ಅನೇಕ ಟೆಲಿವಿಷನ್‌ಗಳನ್ನು ಸ್ವಯಂಚಾಲಿತವಾಗಿ ನಡೆಸಬೇಕಾದವರಿಗೆ ನೇರ ಆಜ್ಞೆಗಳು ಬೇಕೇ ಬೇಕು. ಅಂಥವರಿಗಾಗಿ ತಯಾರಕರು ಗ್ರಾಹಕದಲ್ಲಿ ಇವನ್ನು ಅಳವಡಿಸಿರುತ್ತಾರೆ. ಸಾಮಾನ್ಯ ರಿಮೋಟಿನ ಮೇಲೆ ಗುಂಡಿ ಇಡುವುದಿಲ್ಲ, ಅಷ್ಟೆ. ಎಲ್‌ಜಿ ಸಂಸ್ಥೆಯ ವಾಣಿಜ್ಯ ಮಾದರಿಗಳ ಕೈಪಿಡಿಗಳಲ್ಲಿ ಈ ಸಂಕೇತಗಳ ಪಟ್ಟಿಯನ್ನು ಅಚ್ಚುಮಾಡಿಯೂ ಇದ್ದಾರೆ. ಅದರಲ್ಲಿ ಟೆಲಿವಿಷನ್ನಿನ ವಿಳಾಸ 4. ರಿಮೋಟಿನ ಪವರ್ ಗುಂಡಿಯ ಆಜ್ಞೆ, ದಶಮಾನದಲ್ಲಿ ಹೇಳುವುದಾದರೆ, 8. ಇನ್‌ಪುಟ್ ಗುಂಡಿಯದು 11. ಇವೆರಡೂ ಸರದಿ ಆಜ್ಞೆಗಳು. ಇವಲ್ಲದೆ ‘ಹೊತ್ತಿಕೋ’ ಎನ್ನಲು 196, ‘ಆರು’ ಎನ್ನಲು 197, ‘ಎಚ್.ಡಿ.ಎಂ.ಐ. 1ಕ್ಕೆ ಹೋಗು’ ಎನ್ನಲು 206, ‘ಎಚ್.ಡಿ.ಎಂ.ಐ. 2ಕ್ಕೆ ಹೋಗು’ ಎನ್ನಲು 204 ಎಂಬ ನೇರ ಆಜ್ಞೆಗಳಿವೆ. ಈ ಸಂಸ್ಥೆಯ ಮನೆಬಳಕೆಯ ಟೆಲಿವಿಷನ್‌ಗಳಲ್ಲಿಯೂ ಅನೇಕವು ಇವಕ್ಕೆ ಕಿವಿಗೊಡುತ್ತವೆ. ಎಲ್ಲ ಮಾದರಿಗಳೂ ಎಲ್ಲ ಆಜ್ಞೆಗಳನ್ನೂ ಪಾಲಿಸುತ್ತವೆ ಎನ್ನಲಾಗದು. ನಮ್ಮ ನಮ್ಮ ಯಂತ್ರದ ಮುಂದೆ ಪರೀಕ್ಷಿಸಿಯೇ ನಂಬತಕ್ಕದ್ದು.

ಅಭ್ಯಾಸಕ್ಕಾಗಿ 206ನ್ನು ಕಿರಣದ ಭಾಷೆಗೆ ಇಳಿಸಿ ನೋಡಬಹುದು. ಎನ್.ಇ.ಸಿ. ಕ್ರಮದಲ್ಲಿ ಚಿಕ್ಕ ಬೆಲೆಯ ಬಿಟ್ ಮೊದಲು ಹೊರಡುತ್ತದೆ. ವಿಳಾಸ 4 ಎಂಬುದು 00100000 ಆಗಿ, ಅದರ ವಿಲೋಮವು 11011111 ಆಗಿ ಹೋಗುತ್ತವೆ. 206 ಎಂಬುದು 128, 64, 8, 4, 2 ಇವುಗಳ ಮೊತ್ತ. ಆದ್ದರಿಂದ ಅದು 01110011 ಎಂದು ಹೊರಡುತ್ತದೆ, ವಿಲೋಮ 10001100. ಒಟ್ಟಿನಲ್ಲಿ ಹದಿನಾರು ಒಂದುಗಳು, ಹದಿನಾರು ಸೊನ್ನೆಗಳು. ಪ್ರಯೋಗಶಾಲೆಯಲ್ಲಿ ಅವಕೆಂಪು ಗ್ರಾಹಕವನ್ನು ಆಸಿಲೊಸ್ಕೋಪಿಗೆ ಜೋಡಿಸಿದರೆ ಈ ಸಾಲನ್ನು ಕಣ್ಣಾರೆ ಓದಬಹುದು.

ಈ ಆಜ್ಞೆಯನ್ನು ಸಾರ್ವತ್ರಿಕ ರಿಮೋಟಿನೊಳಕ್ಕೆ ತರುವುದು ಹೇಗೆ? ಸಾರ್ವತ್ರಿಕ ರಿಮೋಟುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು ಬಗೆಯದರಲ್ಲಿ ತಯಾರಕರ ಸಂಕೇತಪಟ್ಟಿಗಳನ್ನು ಮೊದಲೇ ತುಂಬಿಟ್ಟಿರುತ್ತಾರೆ. ನಮ್ಮ ಟೆಲಿವಿಷನ್ನಿಗೆ ಗೊತ್ತುಪಡಿಸಿದ ಅಂಕಿಯನ್ನು ಒತ್ತಿ ಪಟ್ಟಿಯನ್ನು ಆರಿಸಿಕೊಳ್ಳಬೇಕು. ಇನ್ನೊಂದು ಬಗೆಯದು ಮೂಲ ರಿಮೋಟಿನ ಕಿರಣವನ್ನು ತಾನೇ ಕೇಳಿ, ಅದರ ಮಿಡಿತ ಮೌನಗಳನ್ನು ಅಳೆದಿಟ್ಟುಕೊಂಡು, ಬೇಕಾದಾಗ ಹಾಗೆಯೇ ಉಚ್ಚರಿಸುತ್ತದೆ. ಆಪಲ್ ಕಂಪ್ಯೂಟರಿನ ನಿರ್ಮಾತೃಗಳಲ್ಲೊಬ್ಬರಾದ ಸ್ಟೀವ್ ವಾಜ್ನಿಯಾಕ್ ತಮ್ಮ ಬೇರೊಂದು ಸಂಸ್ಥೆಯಿಂದ 1987ರಲ್ಲಿ ಹೊರತಂದ ‘ಕೋರ್’ ಎಂಬ ಸಾಧನ ಈ ಕಲಿಯುವ ಜಾತಿಗೆ ಸೇರಿದ್ದು. ಆಜ್ಞೆಗಳ ಸರಣಿಯನ್ನು ಕಟ್ಟುವ ಅನುಕೂಲವೂ ಅದರಲ್ಲಿತ್ತು.

ಕಲಿಯುವ ರಿಮೋಟಿಗೆ ಒಂದು ಮಿತಿಯಿದೆ. ಗುರು ಉಚ್ಚರಿಸಿದ್ದನ್ನಷ್ಟೇ ಶಿಷ್ಯ ಕಲಿಯಬಲ್ಲ. ಟೆಲಿವಿಷನ್ನಿನ ಸ್ವಂತ ರಿಮೋಟಿನಲ್ಲಿ ಇರುವುದು ಸರದಿಯ ಗುಂಡಿಯೊಂದೇ ಆದರೆ, ಶಿಷ್ಯನಿಗೆ ದಕ್ಕುವುದೂ ಅದೊಂದೇ. ಬಹುಮಂದಿಯ ಪ್ರಯತ್ನ ಇಲ್ಲಿಗೇ ನಿಂತುಹೋಗುತ್ತದೆ. ಆದರೆ ಗುರು ಮೂಲ ರಿಮೋಟೇ ಆಗಿರಬೇಕೆಂಬ ನಿಯಮವೇನೂ ಇಲ್ಲ! ಕೆಲವು ಕೈಫೋನುಗಳ ತಲೆಯಲ್ಲಿ ಅವಕೆಂಪು ದೀಪವಿದೆ. ಸಂಕೇತದ ಸಂಖ್ಯೆಯನ್ನು ಕೊಟ್ಟರೆ ಅದನ್ನು ಕಿರಣವಾಗಿ ಹೊರಡಿಸುವ ತಂತ್ರಾಂಶಗಳೂ ಉಂಟು. ಅದಿಲ್ಲವಾದರೆ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಆರ್ಡುಯಿನೊ ಹಲಗೆಗೆ ಒಂದು ಅವಕೆಂಪು ಡಯೋಡನ್ನು ಜೋಡಿಸಿ ಅದೇ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಲ್ಲರು. ಹೀಗೆ ಹೊರಟ 206ನ್ನು ಕಲಿಯುವ ರಿಮೋಟಿನ ಎದುರು ಹಿಡಿದರೆ, ಮೂಲ ರಿಮೋಟಿಗೇ ಗೊತ್ತಿಲ್ಲದ ಆಜ್ಞೆಯನ್ನು ಅದು ಕಲಿತುಬಿಡುತ್ತದೆ.

ಇದಕ್ಕಾಗಿ ಬೆಲೆಬಾಳುವ ರಿಮೋಟನ್ನು ಕೊಳ್ಳಬೇಕಾಗಿಯೂ ಇಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ನಮ್ಮಲ್ಲಿಯ ಅನೇಕ ಸೆಟ್‌ಟಾಪ್ ಪೆಟ್ಟಿಗೆಗಳ ರಿಮೋಟಿನ ಮೇಲೆ ಟೆಲಿವಿಷನ್ನಿಗಾಗಿಯೇ ಮೀಸಲಾದ ನಾಲ್ಕೈದು ಗುಂಡಿಗಳಿದ್ದು, ಅವಕ್ಕೆ ಕಲಿಯುವ ಶಕ್ತಿ ಇರುತ್ತದೆ. ಅಂಗಡಿಯವರಾಗಲಿ ಮನೆಯ ಹುಡುಗರಾಗಲಿ ಅವುಗಳಲ್ಲಿ ಇನ್‌ಪುಟ್ ಗುಂಡಿಗೆ ಕಲಿಸುವುದು ಸಾಮಾನ್ಯವಾಗಿ ಸರದಿ ಆಜ್ಞೆಯನ್ನು. ಅದರ ಬದಲು, ಪೆಟ್ಟಿಗೆಯನ್ನು ಎಚ್.ಡಿ.ಎಂ.ಐ. 1ಕ್ಕೆ ಜೋಡಿಸಿ, ಆ ಗುಂಡಿಗೆ 206 ಎಂಬ ನೇರ ಆಜ್ಞೆಯನ್ನು ಕಲಿಸಿದರೆ, ಆ ಒಂದು ಗುಂಡಿಯ ಅರ್ಥವೇ ಬೇರೆಯಾಗುತ್ತದೆ. ಮೊದಲೇ ಹೇಳಿದ ಅಜ್ಜಿಗೆ ಆಗ ಕೊಡಬೇಕಾದ ಸೂಚನೆ ಇಷ್ಟೇ: ‘ಚಿತ್ರ ಹೋದರೆ ಇದನ್ನು ಒತ್ತಿ, ಬಾರದಿದ್ದರೆ ಇನ್ನೊಮ್ಮೆ ಒತ್ತಿ.’ ಸರದಿ ಆಜ್ಞೆಯ ವಿಷಯದಲ್ಲಿ ಈ ಸೂಚನೆ ಅಪಾಯಕರ. ಏಕೆಂದರೆ ಮೊದಲನೆಯ ಸಲ ಸರಿಯಾಗಿದ್ದುದನ್ನು ಎರಡನೆಯ ಸಲ ಒತ್ತಿದ್ದು ಕೆಡಿಸಿಬಿಡಬಹುದು. ನೇರ ಆಜ್ಞೆಯನ್ನು ಎಷ್ಟು ಸಲ ಹೇಳಿದರೂ ಕೆಡುಕಿಲ್ಲ. ಕೈ ನಡುಗುವವರು, ಕಣ್ಣು ಮಂಜಾದವರು, ತೆರೆಯ ಮೇಲಿನ ಇಂಗ್ಲಿಷ್ ಪಟ್ಟಿಯನ್ನು ಓದಲಾರದವರು ಯಾರ ನೆರವನ್ನೂ ಬೇಡದೆ ತಮ್ಮ ಯಂತ್ರವನ್ನು ತಾವೇ ಸರಿಪಡಿಸಿಕೊಳ್ಳಲು ಈ ಗುಣವೊಂದು ಸಾಕು.

ನೇರ ಆಜ್ಞೆ ಸಿಗದಿದ್ದಾಗ

ಕೆಲವು ಟೆಲಿವಿಷನ್‌ಗಳಲ್ಲಿ ಇನ್‌ಪುಟ್ಟಿಗೆ ನೇರ ಆಜ್ಞೆ ಇರುವುದೇ ಇಲ್ಲ. ಆಗಲೂ ನಿರಾಶರಾಗಬೇಕಾಗಿಲ್ಲ. ಹಲವು ಸ್ಥಿತಿಗಳನ್ನು ಒಂದರಲ್ಲಿ ಕೂಡಿಸುವ ಆಜ್ಞೆ ಒಂದು ಬೇಕೆಂದು ಹೇಳಿದೆವಷ್ಟೆ. ಅದು ಇನ್‌ಪುಟ್ಟಿನ ಹೆಸರಿನದೇ ಆಗಿರಬೇಕೆಂದಿಲ್ಲ. ಅನೇಕ ಯಂತ್ರಗಳು ಯಾವ ಇನ್‌ಪುಟ್ಟಿನಲ್ಲಿದ್ದರೂ ಚಾನೆಲ್ ಗುಂಡಿಯನ್ನೋ ಅಂಕಿಯ ಗುಂಡಿಯನ್ನೋ ಒತ್ತಿದೊಡನೆ ಟ್ಯೂನರಿಗೆ ಮರಳುತ್ತವೆ. ಹಾಗಿದ್ದಲ್ಲಿ ಕಣ್ಣು ಕಟ್ಟಿದವನನ್ನು ಮೊದಲು ಮಹಾದ್ವಾರಕ್ಕೆ ಕರೆತಂದಂತಾಯಿತು. ಅಲ್ಲಿಂದ ಬಾಗಿಲುಗಳನ್ನು ಎಣಿಸಬಹುದು. ‘ಚಾನೆಲ್, ಇನ್‌ಪುಟ್, ಇನ್‌ಪುಟ್’ ಎಂಬ ಸರಣಿ ನಮ್ಮ ಉದಾಹರಣೆಯ ಯಂತ್ರವನ್ನು ಸದಾ ಎಚ್.ಡಿ.ಎಂ.ಐ. 1ಕ್ಕೇ ಒಯ್ಯುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಇನ್‌ಪುಟ್‌ಗಳ ಪಟ್ಟಿ ಬಳೆಯಂತೆ ಸುತ್ತದೆ, ಏಣಿಯಂತೆ ತುದಿಯಲ್ಲಿ ನಿಲ್ಲುತ್ತದೆ. ಅಲ್ಲಿ ಬಾಣದ ಗುಂಡಿಯನ್ನು ಬೇಕಾದುದಕ್ಕಿಂತ ಹೆಚ್ಚು ಸಲ ಒತ್ತಿ ತುದಿಗೆ ತಗುಲಿಸಿ, ಬಳಿಕ ಹಿಂದಕ್ಕೆ ಎಣಿಸಬಹುದು. ಧ್ವನಿಯ ಗುಂಡಿಯಲ್ಲಿಯೂ ಇದೇ ಗುಣವಿದೆ; ತಗ್ಗಿಸುತ್ತ ಹೋದರೆ ಎಲ್ಲಿಂದ ಹೊರಟರೂ ಸೊನ್ನೆಗೆ ಬಂದು ನಿಲ್ಲುತ್ತದೆ.

ಈ ಎಣಿಕೆಯ ಮಾರ್ಗದಲ್ಲಿ ಮೂರು ತೊಡಕುಗಳನ್ನು ಗಮನಿಸಬೇಕು. ಬಹಳ ಯಂತ್ರಗಳಲ್ಲಿ ಇನ್‌ಪುಟ್ ಗುಂಡಿಯ ಮೊದಲ ಒತ್ತು ಪಟ್ಟಿಯನ್ನು ತೋರುತ್ತದೆಯೇ ಹೊರತು ಹೆಜ್ಜೆ ಇಡುವುದಿಲ್ಲ. ಆದ್ದರಿಂದ ಒಂದು ಒತ್ತನ್ನು ಹೆಚ್ಚಿಗೆ ಸೇರಿಸಬೇಕು, ಮತ್ತು ಒತ್ತುಗಳ ನಡುವೆ ಪಟ್ಟಿ ಮುಚ್ಚಿಹೋಗುವಷ್ಟು ವಿಳಂಬವಿರಬಾರದು. ಎರಡನೆಯದಾಗಿ, ಕೆಲವು ಯಂತ್ರಗಳು ಏನೂ ಜೋಡಿಸದ ಅಥವಾ ಆರಿರುವ ಉಪಕರಣದ ದ್ವಾರವನ್ನು ಹಾರಿಬಿಡುತ್ತವೆ. ನಿನ್ನೆ ಐದಿದ್ದ ಬಾಗಿಲು ಇಂದು ನಾಲ್ಕಾದರೆ ಎಣಿಕೆ ತಪ್ಪುತ್ತದೆ. ಅಂಥ ಯಂತ್ರದಲ್ಲಿ ಎಣಿಕೆಯನ್ನು ನೆಚ್ಚಬಾರದು. ಮೂರನೆಯದು ಫಿಲಿಪ್ಸ್ ಸಂಸ್ಥೆಯ ಆರ್.ಸಿ. 5 ಎಂಬ ಭಾಷೆಗೆ ಸಂಬಂಧಿಸಿದ್ದು. ಅದರ 14 ಬಿಟ್‌ಗಳಲ್ಲಿ ಮೂರನೆಯದು ಪ್ರತಿಸಲ ಗುಂಡಿ ಒತ್ತಿದಾಗಲೂ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುತ್ತದೆ. ಎರಡು ಸಲ ಒತ್ತಿದ್ದೋ, ಒಂದೇ ಸಲ ಒತ್ತಿ ಹಿಡಿದದ್ದೋ ಎಂದು ಟೆಲಿವಿಷನ್ ಗುರುತಿಸುವುದು ಈ ಬಿಟ್ಟಿನಿಂದಲೇ. ಕಲಿಯುವ ರಿಮೋಟ್ ಗಿಳಿಪಾಠದಂತೆ ಒಂದೇ ರೂಪವನ್ನು ಕಲಿತಿದ್ದರೆ, ಅದು ಹೇಳುವ ‘ಇನ್‌ಪುಟ್, ಇನ್‌ಪುಟ್’ ಎಂಬ ಎರಡು ಆಜ್ಞೆಗಳು ಟೆಲಿವಿಷನ್ನಿಗೆ ಒಂದೇ ಆಗಿ ಕೇಳಿಸಬಹುದು. ನಡುವೆ ಬೇರೊಂದು ನಿರುಪದ್ರವಿ ಆಜ್ಞೆಯನ್ನು ತೂರಿಸುವುದು ಇದಕ್ಕೆ ಉಪಾಯ.

ಸ್ಥಿತಿಯನ್ನು ರಿಮೋಟೇ ನೆನಪಿಟ್ಟುಕೊಳ್ಳಬಾರದೇಕೆ ಎಂದು ಕೇಳುವವರಿದ್ದಾರೆ. ಲಾಜಿಟೆಕ್ ಸಂಸ್ಥೆಯು 2004ರಲ್ಲಿ ಬೇರೊಂದು ಸಂಸ್ಥೆಯನ್ನು ಕೊಂಡು ಬೆಳೆಸಿ, 2021ರಲ್ಲಿ ತಯಾರಿಕೆ ನಿಲ್ಲಿಸಿದ ಹಾರ್ಮನಿ ರಿಮೋಟುಗಳು ಹಾಗೆಯೇ ಮಾಡುತ್ತಿದ್ದವು. ತಾವು ಕಳಿಸಿದ ಆಜ್ಞೆಗಳ ಲೆಕ್ಕದಿಂದ ಟೆಲಿವಿಷನ್ ಎಲ್ಲಿದೆಯೆಂದು ಊಹಿಸುತ್ತಿದ್ದವು. ಮನೆಯಲ್ಲಿ ಬೇರೊಬ್ಬರು ಹಳೆಯ ರಿಮೋಟನ್ನು ಮುಟ್ಟಿದೊಡನೆ ಆ ಲೆಕ್ಕ ತಪ್ಪುತ್ತಿತ್ತು. ಆಗ ‘ಸಹಾಯ’ದ ಗುಂಡಿ ಒತ್ತಿ, ‘ಟೆಲಿವಿಷನ್ ಹೊತ್ತಿದೆಯೇ?’ ಎಂದು ಅದು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗಿತ್ತು.

ನಿಜವಾದ ಬೇರೆ ದಾರಿ ಎಂದರೆ ಉಪಕರಣಗಳೇ ತಮ್ಮೊಳಗೆ ಮಾತನಾಡಿಕೊಳ್ಳುವುದು. ಯೂರೋಪಿನ ಹಳೆಯ ಟೆಲಿವಿಷನ್‌ಗಳ 21 ಮುಳ್ಳುಗಳ ಸ್ಕಾರ್ಟ್ ಜೋಡಣೆಯಲ್ಲಿ ಎಂಟನೆಯ ಮುಳ್ಳಿಗೆ ಉಪಕರಣವು ಸುಮಾರು 12 ವೋಲ್ಟ್ ಕೊಟ್ಟರೆ ಟೆಲಿವಿಷನ್ ತಾನೇ ಅದರ ಕಡೆಗೆ ತಿರುಗುತ್ತಿತ್ತು. ಎಚ್.ಡಿ.ಎಂ.ಐ. ಜೋಡಣೆಯ ಮೊದಲ ನಿರೂಪಣೆ 2002ರ ಡಿಸೆಂಬರಿನಲ್ಲಿ ಹೊರಬಂದಾಗ ಅದರ 19 ಮುಳ್ಳುಗಳಲ್ಲಿ ಹದಿಮೂರನೆಯದನ್ನು ಇಂಥ ಸಂಭಾಷಣೆಗೆಂದೇ ಬಿಡಲಾಯಿತು. ಇದಕ್ಕೆ ಸಿ.ಇ.ಸಿ. ಎಂದು ಹೆಸರು, ಎಲ್‌ಜಿಯವರು ಸಿಂಪ್‌ಲಿಂಕ್ ಎಂದೂ, ಸ್ಯಾಮ್‌ಸಂಗ್‌ನವರು ಎನಿನೆಟ್ ಎಂದೂ ಇದನ್ನೇ ಕರೆಯುತ್ತಾರೆ. ಬಿಟ್ ಒಂದಕ್ಕೆ 2.4 ಮಿಲಿಸೆಕೆಂಡ್ ಹಿಡಿಯುವ ನಿಧಾನದ ಮಾತಾದರೂ ಕೆಲಸಕ್ಕೆ ಸಾಕು. ಯಾವ ದ್ವಾರದಲ್ಲಿ ತಾನು ಇದ್ದೇನೆಂಬುದನ್ನು ಉಪಕರಣವು ಟೆಲಿವಿಷನ್ನಿನಿಂದಲೇ ಅರಿತಿರುತ್ತದೆ. ಹೊತ್ತಿಕೊಂಡ ಮೇಲೆ ಆ ದ್ವಾರದ ವಿಳಾಸವನ್ನು ಸಾರಿ ‘ಈಗ ಚಿತ್ರ ಕೊಡುವವನು ನಾನು’ ಎಂದು ಘೋಷಿಸುತ್ತದೆ. ಇದೂ ಸ್ಥಿತಿಯನ್ನು ಹೆಸರಿಸುವ ನೇರ ಆಜ್ಞೆಯೇ ಎಂಬುದನ್ನು ಗಮನಿಸಬೇಕು. ಎಲ್ಲ ಉಪಕರಣಗಳೂ ಇದನ್ನು ಬಲ್ಲವಾದರೆ ಸಾರ್ವತ್ರಿಕ ರಿಮೋಟಿನ ಹೊರೆ ಬಹಳಷ್ಟು ಇಳಿಯುತ್ತದೆ. ಆದರೆ ನಮ್ಮ ಮನೆಗಳಲ್ಲಿರುವ ಸೆಟ್‌ಟಾಪ್ ಪೆಟ್ಟಿಗೆಗಳಲ್ಲಿ ಇದನ್ನು ಅರಿಯದವು ಎಷ್ಟೋ ಇವೆ. ಅರಿತ ಉಪಕರಣಗಳು ಎರಡು ಸೇರಿದಲ್ಲಿ ಒಂದರ ಮಾತನ್ನು ಇನ್ನೊಂದು ಕೆಡಿಸುವುದೂ ಉಂಟು. ಆದಕಾರಣ ಟೆಲಿವಿಷನ್ನಿನ ಪಟ್ಟಿಯಲ್ಲಿ ಈ ಸೌಕರ್ಯವನ್ನು ತೆರೆದು ನೋಡಿ, ಸುಮ್ಮನೆ ನಡೆದರೆ ಉಳಿಸಿಕೊಂಡು, ಜಗಳವಾದರೆ ಮುಚ್ಚಿ, ಕಿರಣದ ದಾರಿಗೇ ಮರಳುವುದು ಲೇಸು.

ಸರಣಿಯನ್ನು ಕಟ್ಟುವ ಮತ್ತು ಪರೀಕ್ಷಿಸುವ ಬಗೆ

ಮೇಲ್ಕಂಡ ಎಲ್‌ಜಿ ಯಂತ್ರಕ್ಕೆ ಒಂದು ಗುಂಡಿಯ ಸರಣಿ ಹೀಗಿರಬಹುದು: ಮೊದಲು 196, ಬಳಿಕ ಕೆಲವು ಸೆಕೆಂಡುಗಳ ವಿರಾಮ, ಬಳಿಕ 206, ಕೊನೆಗೆ ಪೆಟ್ಟಿಗೆಗೆ ಮೆಚ್ಚಿನ ಚಾನೆಲ್ಲಿನ ಅಂಕಿಗಳು. ವಿರಾಮ ಏಕೆಂದರೆ, ಆರಿದ್ದ ಟೆಲಿವಿಷನ್ ಹೊತ್ತಿಕೊಂಡು ಮುಂದಿನ ಆಜ್ಞೆಗೆ ಕಿವಿಗೊಡಲು ಸಮಯ ಹಿಡಿಯುತ್ತದೆ; ಎಷ್ಟೆಂಬುದನ್ನು ಆಯಾ ಯಂತ್ರದ ಮುಂದೆ ಅಳೆದು, ಒಂದೆರಡು ಸೆಕೆಂಡು ಹೆಚ್ಚಿಗೆ ಇಡಬೇಕು. ಪೆಟ್ಟಿಗೆಯ ಪವರ್ ಆಜ್ಞೆಯನ್ನು ಈ ಸರಣಿಗೆ ಸೇರಿಸಬಾರದು. ಅದು ಬಹುತೇಕ ಸರದಿ ಆಜ್ಞೆಯೇ ಆಗಿರುವುದರಿಂದ, ಪೆಟ್ಟಿಗೆಯನ್ನು ಹೊತ್ತಿಸಿಯೇ ಬಿಡುವುದು ಅಥವಾ ಅದರ ಪವರನ್ನು ಬೇರೊಂದು ಗುಂಡಿಗೆ ಇಡುವುದು ಯುಕ್ತ. ಸರಣಿ ಮುಗಿಯುವವರೆಗೂ ರಿಮೋಟಿನ ಮೂತಿ ಟೆಲಿವಿಷನ್ನಿನ ಕಡೆಗೇ ಇರಬೇಕೆಂಬುದು ಹಿರಿಯರಿಗೆ ಹೊಳೆಯದ ಸಂಗತಿ. ಒತ್ತಿದ ಕೂಡಲೆ ಕೈ ಮಡಿಲಿಗೆ ಇಳಿಯುತ್ತದೆ, ವಿರಾಮದ ಮೇಲಿನ ಆಜ್ಞೆ ನೆಲಕ್ಕೆ ಹೋಗುತ್ತದೆ. ಸರಣಿಯಲ್ಲಿರುವುವೆಲ್ಲ ನೇರ ಆಜ್ಞೆಗಳಾಗಿದ್ದರೆ ಇದೂ ದೊಡ್ಡ ವಿಪತ್ತಲ್ಲ. ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದರಾಯಿತು.

ಕೊನೆಯದಾಗಿ ಪರೀಕ್ಷೆ. ಒಂದು ಸಲ ಚಿತ್ರ ಬಂದೊಡನೆ ಕೆಲಸ ಮುಗಿಯಿತೆಂದು ಏಳುವವರೇ ಹೆಚ್ಚು. ಆ ಒಂದು ಪರೀಕ್ಷೆ ಒಂದು ಆರಂಭಸ್ಥಿತಿಗೆ ಮಾತ್ರ ಸಾಕ್ಷಿ. ಐದು ಇನ್‌ಪುಟ್‌ಗಳ ಯಂತ್ರವು ಆರುವಾಗ ತಾನಿದ್ದ ಇನ್‌ಪುಟ್ಟನ್ನು ನೆನಪಿಟ್ಟುಕೊಳ್ಳುವುದಾದರೆ, ಹೊತ್ತಿರುವ ಐದು, ಆರಿರುವ ಐದು, ಒಟ್ಟು ಹತ್ತು ಆರಂಭಸ್ಥಿತಿಗಳಿವೆ. ಮೂಲ ರಿಮೋಟಿನಿಂದ ಟೆಲಿವಿಷನ್ನನ್ನು ಒಂದೊಂದಾಗಿ ಈ ಹತ್ತು ಸ್ಥಿತಿಗಳಲ್ಲೂ ನಿಲ್ಲಿಸಿ, ಪ್ರತಿಸಲವೂ ಹೊಸ ಗುಂಡಿಯನ್ನು ಒತ್ತಿ, ಹತ್ತರಲ್ಲಿಯೂ ಪೆಟ್ಟಿಗೆಯ ಚಿತ್ರವೇ ಬರುವುದನ್ನು ಕಂಡ ಬಳಿಕ ರಿಮೋಟನ್ನು ಮನೆಯವರ ಕೈಗೆ ಕೊಡಬಹುದು. ಇದಕ್ಕೆ ಕಾಲು ಗಂಟೆಗಿಂತ ಹೆಚ್ಚು ಹಿಡಿಯದು.